ಸರ್ಟಿಫಿಕೇಟಿನ ಕೊನೆಯ ದಿನಾಂಕವನ್ನು ಎಲ್ಲಿ ನಿಂತು ನೋಡಬೇಕು

ಕಂಪ್ಯೂಟರ್ ವ್ಯವಸ್ಥೆಗಳಲ್ಲಿ ಆಗುವ ಬಹುಪಾಲು ಅನಾಹುತಗಳು ಹೇಳದೆ ಕೇಳದೆ ಬರುತ್ತವೆ. ಡಿಸ್ಕ್ ಯಾವಾಗ ಕೆಡುತ್ತದೆ, ರಸ್ತೆ ಅಗೆಯುವವರು ಯಾವ ಕೇಬಲ್ಲನ್ನು ತುಂಡರಿಸುತ್ತಾರೆ ಎಂಬುದು ಯಾರಿಗೂ ಮೊದಲೇ ತಿಳಿದಿರುವುದಿಲ್ಲ. ಜಾಲತಾಣದ ಭದ್ರತಾ ಸರ್ಟಿಫಿಕೇಟ್, ಅಂದರೆ ತಾಣ ಅದೇ ಹೆಸರಿನದ್ದೆಂದು ಬ್ರೌಸರಿಗೆ ಖಾತರಿ ಕೊಡುವ ಡಿಜಿಟಲ್ ಪತ್ರ, ಮಾತ್ರ ಹಾಗಲ್ಲ. ಅದು ಯಾವ ಸೆಕೆಂಡಿಗೆ ಕೆಲಸಕ್ಕೆ ಬಾರದಂತಾಗುತ್ತದೆ ಎಂಬುದನ್ನು ಅದರೊಳಗೇ ಬರೆದು, ಸಹಿ ಹಾಕಿ, ಜಗತ್ತಿನ ಯಾರು ಬೇಕಾದರೂ ಓದಬಹುದಾದ ರೀತಿಯಲ್ಲಿ ಕೊಟ್ಟಿರುತ್ತಾರೆ. ಹೀಗಿದ್ದೂ ದೊಡ್ಡ ದೊಡ್ಡ ಸಂಸ್ಥೆಗಳು ಇದರಲ್ಲೇ ಎಡವುತ್ತಲೇ ಬಂದಿವೆ. 2018ರ ಡಿಸೆಂಬರ್ 6ರಂದು ಬ್ರಿಟನ್ನಿನ ಓ2 ಕಂಪನಿಯ ಮೂರು ಕೋಟಿಗೂ ಹೆಚ್ಚು ಗ್ರಾಹಕರಿಗೆ ಮೊಬೈಲ್ ಇಂಟರ್ನೆಟ್ ಸಿಗದೆ ಹೋಯಿತು. ಜಪಾನಿನ ಸಾಫ್ಟ್‌ಬ್ಯಾಂಕ್ ಜಾಲವೂ ಅದೇ ದಿನ ಕುಸಿಯಿತು. ಎರಡೂ ಕಂಪನಿಗಳಿಗೆ ಉಪಕರಣ ಒದಗಿಸಿದ್ದ ಎರಿಕ್ಸನ್, ತನ್ನ ತಂತ್ರಾಂಶದ ಒಳಗಿದ್ದ ಒಂದು ಸರ್ಟಿಫಿಕೇಟಿನ ಅವಧಿ ಮುಗಿದದ್ದೇ ಮುಖ್ಯ ಕಾರಣವೆಂದು ಹೇಳಿತು. 2020ರ ಫೆಬ್ರುವರಿ 3ರಂದು, ಸೋಮವಾರ, ಮೈಕ್ರೋಸಾಫ್ಟ್ ಟೀಮ್ಸ್ ಕೆಲವು ಗಂಟೆ ನಿಂತುಹೋದದ್ದಕ್ಕೂ ಕಾರಣ ಅದೇ.

ನಾನು ಕೆಲವು ಸಣ್ಣ ಸಂಸ್ಥೆಗಳ ಜಾಲತಾಣಗಳನ್ನು ನೋಡಿಕೊಳ್ಳುತ್ತೇನೆ. ಅವಧಿ ಮುಗಿದ ಸರ್ಟಿಫಿಕೇಟಿನ ಬಗ್ಗೆ ನನಗೆ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ‘ದಿನಾಂಕವನ್ನು ನೋಡುವುದು ಹೇಗೆ’ ಎಂಬುದಾಗಿರುತ್ತವೆ. ನೋಡುವುದು ಸುಲಭ. ಕಷ್ಟವಿರುವುದು, ನಾವು ನೋಡುತ್ತಿರುವ ದಿನಾಂಕ ಯಾವ ಸರ್ಟಿಫಿಕೇಟಿನದು ಎಂಬುದರಲ್ಲಿ. ಈ ಬರಹದ ಹೆಚ್ಚಿನ ಭಾಗ ಆ ಎರಡನೆಯ ಸಂಗತಿಗೆ ಸಲ್ಲುತ್ತದೆ. ಆದರೂ ಮೊದಲನೆಯದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಕಂಪ್ಯೂಟರಿನಲ್ಲಿ ಕ್ರೋಮ್ ಬಳಸುವವರು ವಿಳಾಸಪಟ್ಟಿಯ ಎಡಭಾಗದ ಚಿಹ್ನೆಯನ್ನು ಒತ್ತಬೇಕು. ಮೊದಲು ಅಲ್ಲಿ ಬೀಗದ ಚಿತ್ರವಿತ್ತು. 2023ರ ಸೆಪ್ಟೆಂಬರಿನಲ್ಲಿ ಬಂದ 117ನೇ ಆವೃತ್ತಿಯಿಂದ ಬೀಗವನ್ನು ತೆಗೆದು, ಎರಡು ಗೆರೆಗಳ ಮೇಲೆ ಎರಡು ಗುಂಡಿಗಳಿರುವ ಚಿಹ್ನೆಯೊಂದನ್ನು ಇಟ್ಟಿದ್ದಾರೆ. ಬೀಗ ಕಂಡರೆ ಸಾಕು, ತಾಣ ನಂಬಿಕಸ್ಥರದ್ದೇ ಇರಬೇಕು ಎಂದು ಜನ ಭಾವಿಸುತ್ತಿದ್ದುದು ಈ ಬದಲಾವಣೆಗೆ ಕಾರಣ, ಮತ್ತು ಅದು ಸರಿಯಾದ ಕಾರಣವೇ ಎಂದು ನನಗೆ ಅನ್ನಿಸುತ್ತದೆ. ಆ ಚಿಹ್ನೆ ಒತ್ತಿದಾಗ ಸಂಪರ್ಕ ಸುರಕ್ಷಿತವಾಗಿದೆ ಎಂಬ ಸಾಲು, ಅದನ್ನು ಒತ್ತಿದರೆ ಸರ್ಟಿಫಿಕೇಟ್ ಸರಿಯಿದೆ ಎಂಬ ಸಾಲು, ಅದನ್ನೂ ಒತ್ತಿದರೆ ಒಂದು ಪುಟ್ಟ ಕಿಟಕಿ ತೆರೆದುಕೊಳ್ಳುತ್ತದೆ. ಯಾರಿಗೆ ಕೊಟ್ಟದ್ದು, ಯಾರು ಕೊಟ್ಟದ್ದು, ಎಂದಿನಿಂದ ಎಂದಿನವರೆಗೆ ಎಂಬ ವಿವರಗಳೆಲ್ಲ ಅಲ್ಲಿರುತ್ತವೆ. ಫೈರ್‌ಫಾಕ್ಸ್‌ನಲ್ಲೂ ದಾರಿ ಬಹುಮಟ್ಟಿಗೆ ಹೀಗೆಯೇ. ಕೊನೆಯಲ್ಲಿ ಸರ್ಟಿಫಿಕೇಟನ್ನು ತೋರಿಸುವ ಪ್ರತ್ಯೇಕ ಪುಟವೇ ತೆರೆಯುತ್ತದೆ, ಅದರಲ್ಲಿ ‘ನಾಟ್ ಬಿಫೋರ್’ ಮತ್ತು ‘ನಾಟ್ ಆಫ್ಟರ್’ ಎಂಬ ಎರಡು ಸಾಲುಗಳಿರುತ್ತವೆ.

ಎರಡು ಬ್ರೌಸರ್‌ಗಳಲ್ಲಿ ಒಂದೇ ತಾಣವನ್ನು ನೋಡಿ, ಎರಡು ಬೇರೆ ಬೇರೆ ದಿನಾಂಕ ಕಂಡು ಗಾಬರಿಯಾದವರಿದ್ದಾರೆ. ಸರ್ಟಿಫಿಕೇಟಿನೊಳಗೆ ಸಮಯವನ್ನು ಗ್ರೀನ್‌ವಿಚ್ ಲೆಕ್ಕದಲ್ಲಿಯೇ ಬರೆದಿರುತ್ತಾರೆ. ಕ್ರೋಮ್ ಅದನ್ನು ನಮ್ಮ ಗಡಿಯಾರದ ಸಮಯಕ್ಕೆ ಬದಲಿಸಿ ತೋರಿಸುತ್ತದೆ. ಫೈರ್‌ಫಾಕ್ಸ್ ಇದ್ದದ್ದನ್ನು ಇದ್ದಂತೆಯೇ, ಜಿಎಂಟಿ ಎಂದು ಬರೆದು ತೋರಿಸುತ್ತದೆ. ಭಾರತದ ಸಮಯ ಐದೂವರೆ ಗಂಟೆ ಮುಂದಿರುವುದರಿಂದ, 14ನೇ ತಾರೀಖು 23:59:59ಕ್ಕೆ ಮುಗಿಯುವ ಸರ್ಟಿಫಿಕೇಟ್ ನಮ್ಮಲ್ಲಿ 15ರ ಬೆಳಗಿನ 5:29:59ಕ್ಕೆ ಮುಗಿಯುತ್ತದೆ. ಹಣ ಕೊಟ್ಟು ಕೊಂಡ ಸರ್ಟಿಫಿಕೇಟ್‌ಗಳಲ್ಲಿ ಅನೇಕವು ಹೀಗೆ ದಿನದ ಕೊನೆಗೇ ಮುಗಿಯುವಂತೆ ಇರುವುದರಿಂದ, ನಮ್ಮ ಕಡೆ ಈ ತೊಂದರೆ ತಲೆದೋರುವುದು ಹೆಚ್ಚಾಗಿ ಬೆಳಗಿನ ಜಾವದಲ್ಲಿ. ಕಚೇರಿ ತೆರೆಯುವ ಹೊತ್ತಿಗೆ ದೂರುಗಳು ಬಂದು ಕುಳಿತಿರುತ್ತವೆ.

ಆ ಕೊನೆಯ ಸೆಕೆಂಡಿನ ಬಗ್ಗೆಯೇ ಒಂದು ಸ್ವಾರಸ್ಯವಿದೆ. ನಿಯಮದ ಪ್ರಕಾರ ಅವಧಿಯಲ್ಲಿ ಮೊದಲ ಸೆಕೆಂಡೂ ಸೇರುತ್ತದೆ, ಕೊನೆಯ ಸೆಕೆಂಡೂ ಸೇರುತ್ತದೆ. ಉಚಿತವಾಗಿ ಸರ್ಟಿಫಿಕೇಟ್ ನೀಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಆರಂಭದ ಸಮಯಕ್ಕೆ 90 ದಿನ ಕೂಡಿಸಿ ಕೊನೆಯ ಸಮಯವನ್ನು ಬರೆಯುತ್ತಿತ್ತು. ಎರಡೂ ತುದಿಯ ಸೆಕೆಂಡುಗಳನ್ನು ಎಣಿಸಿದರೆ ಅದು 90 ದಿನ ಮತ್ತು ಒಂದು ಸೆಕೆಂಡ್ ಆಗುತ್ತದೆ ಎಂಬುದು 2021ರ ಜೂನ್‌ನಲ್ಲಿ ಬೆಳಕಿಗೆ ಬಂತು. 90 ದಿನ ಎಂದು ತನ್ನ ನಿಯಮಾವಳಿಯಲ್ಲಿ ತಾನೇ ಬರೆದುಕೊಂಡಿದ್ದ ಸಂಸ್ಥೆ, ಒಂದು ಸೆಕೆಂಡ್ ಹೆಚ್ಚಾದದ್ದನ್ನು ಲೋಪವೆಂದು ಬಹಿರಂಗವಾಗಿ ದಾಖಲಿಸಿ ಸರಿಪಡಿಸಿತು. ಅಷ್ಟು ಕಟ್ಟುನಿಟ್ಟಿನ ಲೆಕ್ಕವಿರುವ ಲೋಕ ಇದು. ‘ಒಂದೆರಡು ದಿನ ಆಚೀಚೆಯಾದರೆ ಏನಂತೆ’ ಎನ್ನುವ ಸಾವಕಾಶ ಇಲ್ಲಿ ಇಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ.

ಮಲೆನಾಡಿನ ಒಂದು ಸಹಕಾರ ಸಂಘದ ಜಾಲತಾಣ ಒಂದು ಬೆಳಿಗ್ಗೆ ಸದಸ್ಯರ ಮೊಬೈಲ್‌ಗಳಲ್ಲಿ ತೆರೆದುಕೊಳ್ಳಲಿಲ್ಲ. ದಿನದ ಅಡಿಕೆ ಧಾರಣೆ ನೋಡಲು ಹೋದವರಿಗೆ ಸಂಪರ್ಕ ಖಾಸಗಿಯಾಗಿಲ್ಲ ಎಂಬ ಕೆಂಪು ಎಚ್ಚರಿಕೆ ಎದುರಾಯಿತು. ತಾಣವನ್ನು ಕಟ್ಟಿಕೊಟ್ಟಿದ್ದ ಗುತ್ತಿಗೆದಾರರಿಗೆ ಕರೆ ಮಾಡಿದಾಗ ಅವರು ಸರ್ವರ್‌ನೊಳಗೆ ಹೋಗಿ ನೋಡಿ, ಸರ್ಟಿಫಿಕೇಟ್ ಇನ್ನೂ 60 ದಿನ ಚಾಲ್ತಿಯಲ್ಲಿದೆ, ನಮ್ಮ ಕಡೆ ಏನೂ ತೊಂದರೆಯಿಲ್ಲ, ನಿಮ್ಮ ಮೊಬೈಲ್‌ಗಳನ್ನೇ ನೋಡಿಕೊಳ್ಳಿ ಎಂದು ಹೇಳಿ ಸುಮ್ಮನಾದರು. ಅವರು ಸುಳ್ಳು ಹೇಳಿರಲಿಲ್ಲ. ನನ್ನನ್ನು ಕೇಳಿದಾಗ ನಾನೂ ಒಳಗೆ ಹೋಗಿ ಸರ್ಟ್‌ಬಾಟ್ ಎಂಬ ಸಾಧನದ ಪಟ್ಟಿಯನ್ನು ನೋಡಿದೆ. ಅಲ್ಲಿ ನಿಜಕ್ಕೂ ಊರ್ಜಿತ, 60 ದಿನ ಬಾಕಿ ಎಂದೇ ಇತ್ತು.

ಆದರೆ ಆ 60 ಎಂಬ ಅಂಕೆಯೇ ನಡೆದದ್ದನ್ನೆಲ್ಲ ಹೇಳುತ್ತಿತ್ತು. ಲೆಟ್ಸ್ ಎನ್‌ಕ್ರಿಪ್ಟ್‌ನ ಸರ್ಟಿಫಿಕೇಟ್ 90 ದಿನದ್ದು. ಸರ್ಟ್‌ಬಾಟ್ ಅದನ್ನು 30 ದಿನ ಬಾಕಿ ಇರುವಾಗ ನವೀಕರಿಸುತ್ತದೆ. ಹಳೆಯದು ಪೂರ್ತಿ ಮುಗಿಯುವ ದಿನ, ಹೊಸದರಲ್ಲಿ 30 ದಿನ ಕಳೆದು 60 ಉಳಿದಿರುತ್ತದೆ. ಅಂದರೆ ಒಂದು ತಿಂಗಳ ಹಿಂದೆಯೇ ನವೀಕರಣ ಸರಿಯಾಗಿಯೇ ನಡೆದಿತ್ತು, ಹೊಸ ಕಡತ ಡಿಸ್ಕಿನ ಮೇಲೆ ಬಂದು ಕುಳಿತಿತ್ತು. ಪುಟಗಳನ್ನು ಒದಗಿಸುವ ಎಂಜಿನ್‌ಎಕ್ಸ್ ಮಾತ್ರ ಹಳೆಯದನ್ನೇ ಹಿಡಿದುಕೊಂಡಿತ್ತು. ಎಂಜಿನ್‌ಎಕ್ಸ್ ತಾನು ಆರಂಭವಾಗುವಾಗ ಸರ್ಟಿಫಿಕೇಟ್ ಕಡತವನ್ನು ಒಮ್ಮೆ ಓದಿ ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ರೀಲೋಡ್ ಮಾಡು ಎಂದು ಹೇಳುವವರೆಗೆ ಅದು ಮತ್ತೆ ಡಿಸ್ಕಿನ ಕಡೆ ತಿರುಗಿ ನೋಡುವುದಿಲ್ಲ. ಅಂಗಡಿಯವನು ಹೊಸ ದರಪಟ್ಟಿಯನ್ನು ತಂದು ಗಲ್ಲಾಪೆಟ್ಟಿಗೆಯೊಳಗೆ ಇಟ್ಟುಕೊಂಡು, ಗೋಡೆಯ ಮೇಲೆ ಹಳೆಯದನ್ನೇ ಬಿಟ್ಟ ಹಾಗೆ. ರೀಲೋಡ್ ಮಾಡಿದ ಕೂಡಲೇ ತಾಣ ಸರಿಯಾಯಿತು. ನವೀಕರಣ ಯಶಸ್ವಿಯಾದ ಮೇಲೆ ತಾನಾಗಿಯೇ ರೀಲೋಡ್ ಆಗುವಂತೆ ಮಾಡಲು ಸರ್ಟ್‌ಬಾಟ್‌ನಲ್ಲೇ ಡಿಪ್ಲಾಯ್ ಹುಕ್ ಎಂಬ ಏರ್ಪಾಡು ಇದೆ. ಆ ಒಂದು ಸಾಲನ್ನು ಅಲ್ಲಿ ಯಾರೂ ಬರೆದಿರಲಿಲ್ಲ.

ಆದ್ದರಿಂದ ನೋಡಬೇಕಾದದ್ದು ಡಿಸ್ಕಿನ ಮೇಲಿರುವ ಕಡತದ ದಿನಾಂಕವನ್ನಲ್ಲ, ಹೊರಗಿನಿಂದ ಬಂದವನ ಕೈಗೆ ಸರ್ವರ್ ಈ ಕ್ಷಣ ಕೊಡುತ್ತಿರುವ ಸರ್ಟಿಫಿಕೇಟಿನ ದಿನಾಂಕವನ್ನು. ಇದೇ ಕಾರಣಕ್ಕೆ, ಸಾರ್ವಜನಿಕ ದಾಖಲೆಗಳಲ್ಲಿ ಹುಡುಕುವುದೂ ಸಾಲದು. ಈಚಿನ ವರ್ಷಗಳಲ್ಲಿ ನೀಡಲಾಗುವ ಪ್ರತಿಯೊಂದು ಸರ್ಟಿಫಿಕೇಟೂ ಸರ್ಟಿಫಿಕೇಟ್ ಟ್ರಾನ್ಸ್‌ಪರೆನ್ಸಿ ಎಂಬ ಬಹಿರಂಗ ದಾಖಲೆಗಳಲ್ಲಿ ಸೇರುತ್ತದೆ. 2018ರ ಏಪ್ರಿಲ್ ಕೊನೆಯ ನಂತರ ನೀಡಿದವು ಆ ದಾಖಲೆಗೆ ಸೇರಿರದಿದ್ದರೆ ಕ್ರೋಮ್ ಅವನ್ನು ಒಪ್ಪುವುದೇ ಇಲ್ಲ. ಆ ದಾಖಲೆಗಳನ್ನು ಹುಡುಕಿಕೊಡುವ ತಾಣಗಳಲ್ಲಿ ನಿಮ್ಮ ಡೊಮೇನ್ ಹೆಸರು ಕೊಟ್ಟರೆ ಇದುವರೆಗೆ ನೀಡಿದ ಸರ್ಟಿಫಿಕೇಟ್‌ಗಳೆಲ್ಲ ಸಾಲಾಗಿ ಬರುತ್ತವೆ. ಯಾರೋ ನಿಮಗೆ ಗೊತ್ತಿಲ್ಲದೆ ನಿಮ್ಮ ಹೆಸರಿನಲ್ಲಿ ಸರ್ಟಿಫಿಕೇಟ್ ಪಡೆದಿದ್ದಾರೆಯೇ ಎಂದು ತಿಳಿಯಲು ಅದು ಬಹಳ ಒಳ್ಳೆಯದು. ಆದರೆ ಅದು ಹೇಳುವುದು ಏನು ನೀಡಲಾಗಿದೆ ಎಂಬುದನ್ನು. ಏನು ಬಳಕೆಯಲ್ಲಿದೆ ಎಂಬುದನ್ನಲ್ಲ.

ಹೊರಗಿನಿಂದ ನೋಡಲು ನಾನು ನಂಬುವುದು ಓಪನ್‌ಎಸ್‌ಎಸ್‌ಎಲ್ ಎಂಬ ಹಳೆಯ ಸಾಧನವನ್ನು. ಲಿನಕ್ಸ್ ಸರ್ವರ್‌ಗಳಲ್ಲಿ ಅದು ಸಾಮಾನ್ಯವಾಗಿ ಮೊದಲೇ ಇರುತ್ತದೆ. ಅದರ ಎಸ್-ಕ್ಲೈಂಟ್ ಆಜ್ಞೆಗೆ ತಾಣದ ಹೆಸರನ್ನೂ 443 ಎಂಬ ಪೋರ್ಟ್ ಸಂಖ್ಯೆಯನ್ನೂ (ಸುರಕ್ಷಿತ ಜಾಲತಾಣಗಳ ಬಾಗಿಲಿನ ಸಂಖ್ಯೆ) ಕೊಟ್ಟರೆ ಅದು ಸರ್ವರಿನೊಂದಿಗೆ ಮಾತಾಡಿ ಸರ್ಟಿಫಿಕೇಟನ್ನು ತಂದುಕೊಡುತ್ತದೆ. ಅದನ್ನು ಪೈಪ್ ಮೂಲಕ ಎಕ್ಸ್509 ಆಜ್ಞೆಗೆ ದಾಟಿಸಿ ದಿನಾಂಕಗಳನ್ನು ಕೇಳಿದರೆ ಎರಡೇ ಸಾಲುಗಳ ಉತ್ತರ ಬರುತ್ತದೆ: ಎಂದಿನಿಂದ, ಎಂದಿನವರೆಗೆ, ಎರಡೂ ಜಿಎಂಟಿಯಲ್ಲಿ. ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಒಂದೇ ಐಪಿ ವಿಳಾಸದಲ್ಲಿ ಹತ್ತಾರು ತಾಣಗಳು ಇರುವುದು ಈಗ ಸಾಮಾನ್ಯ. ಯಾವ ತಾಣ ಬೇಕು ಎಂಬುದನ್ನು ಬ್ರೌಸರ್ ಸಂಪರ್ಕದ ಆರಂಭದಲ್ಲಿಯೇ ಹೆಸರು ಹೇಳಿ ಕೇಳುತ್ತದೆ. ಐಪಿ ವಿಳಾಸವನ್ನು ನೇರವಾಗಿ ಕೊಟ್ಟು ಪರೀಕ್ಷಿಸುವವರು ಸರ್ವರ್‌ನೇಮ್ ಎಂಬ ಆಯ್ಕೆಯಲ್ಲಿ ಆ ಹೆಸರನ್ನೂ ಕೊಡದಿದ್ದರೆ, ಸರ್ವರ್ ತನಗೆ ತೋಚಿದ ಮೊದಲ ಸರ್ಟಿಫಿಕೇಟನ್ನು ಕೊಟ್ಟುಬಿಡುತ್ತದೆ; ಪಕ್ಕದ ತಾಣದ ದಿನಾಂಕ ನೋಡಿ ನಾವು ನೆಮ್ಮದಿಯಾಗಿರುತ್ತೇವೆ.

ಐಪಿ ವಿಳಾಸ ಕೊಟ್ಟು ಪರೀಕ್ಷಿಸಬೇಕಾದ ಸಂದರ್ಭಗಳು ಇದ್ದೇ ಇರುತ್ತವೆ. ದೊಡ್ಡ ತಾಣವೊಂದರ ಹಿಂದೆ ನಾಲ್ಕು ಸರ್ವರ್‌ಗಳಿದ್ದು, ಮೂರರಲ್ಲಿ ಹೊಸ ಸರ್ಟಿಫಿಕೇಟ್ ಹಾಕಿ ನಾಲ್ಕನೆಯದರಲ್ಲಿ ಮರೆತಿದ್ದರೆ, ನಾಲ್ಕು ಬಾರಿ ತಾಣ ತೆರೆದರೆ ಒಂದು ಬಾರಿ ಎಚ್ಚರಿಕೆ ಬರುತ್ತದೆ, ಉಳಿದ ಮೂರು ಬಾರಿ ಎಲ್ಲವೂ ಸರಿಯಾಗಿರುತ್ತದೆ. ಇಂತಹ ದೂರನ್ನು ಕಚೇರಿಗಳಲ್ಲಿ ಯಾರೂ ನಂಬುವುದಿಲ್ಲ, ಏಕೆಂದರೆ ತಾಂತ್ರಿಕ ಸಿಬ್ಬಂದಿ ತಮ್ಮ ಪರದೆಯಲ್ಲಿ ತೆರೆದು ತೋರಿಸುವಾಗ ಅದು ಸರಿಯಾಗಿಯೇ ತೆರೆದುಕೊಳ್ಳುತ್ತದೆ. ಹಾಗೆಯೇ ಹಳೆಯ ಬಗೆಯ ಐಪಿವಿ4 ವಿಳಾಸದಲ್ಲಿ ಒಂದು ಯಂತ್ರ, ಹೊಸ ಬಗೆಯ ಐಪಿವಿ6 ವಿಳಾಸದಲ್ಲಿ ಇನ್ನೊಂದು ಯಂತ್ರ ಇರುವುದೂ ಉಂಟು. ಮೊಬೈಲ್ ಡೇಟಾದಲ್ಲಿ ಐಪಿವಿ6 ಬಳಕೆ ನಮ್ಮಲ್ಲಿ ಹೆಚ್ಚು. ಕಚೇರಿಯ ತಂತಿಯ ಜಾಲದಲ್ಲಿ ಹಲವೆಡೆ ಅದು ಇಲ್ಲವೇ ಇಲ್ಲ. ಕಚೇರಿಯಲ್ಲಿ ಕುಳಿತವರಿಗೆ ಕಾಣದ ತೊಂದರೆ ಊರಿನಲ್ಲಿ ಮೊಬೈಲ್ ಹಿಡಿದವರಿಗೆ ಕಾಣುವುದಕ್ಕೆ ಇದೊಂದು ಕಾರಣವಾಗಬಹುದು.

ಸರ್ಟಿಫಿಕೇಟ್ ಒಂಟಿಯಾಗಿ ಬರುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ತಾಣದ ಸರ್ಟಿಫಿಕೇಟಿಗೆ ಮಧ್ಯಂತರ ಸರ್ಟಿಫಿಕೇಟ್ ಸಹಿ ಹಾಕಿರುತ್ತದೆ, ಅದಕ್ಕೆ ಬ್ರೌಸರ್ ಅಥವಾ ಮೊಬೈಲಿನೊಳಗೇ ಇರುವ ಮೂಲ ಸರ್ಟಿಫಿಕೇಟ್ ಸಹಿ ಹಾಕಿರುತ್ತದೆ, ಮತ್ತು ಇವುಗಳಲ್ಲಿ ಪ್ರತಿಯೊಂದಕ್ಕೂ ತನ್ನದೇ ಆದ ಕೊನೆಯ ದಿನಾಂಕವಿರುತ್ತದೆ. ಮೇಲೆ ಹೇಳಿದ ಎಕ್ಸ್509 ಆಜ್ಞೆ ತನಗೆ ಬಂದದ್ದರಲ್ಲಿ ಮೊದಲನೆಯದನ್ನು ಮಾತ್ರ ಓದುತ್ತದೆ; ಉಳಿದವನ್ನು ಬೇರೆಯಾಗಿಯೇ ತೆಗೆದು ನೋಡಬೇಕು. 2019ರ ಮೇ ತಿಂಗಳ ಆರಂಭದಲ್ಲಿ ಜಗತ್ತಿನಾದ್ಯಂತ ಫೈರ್‌ಫಾಕ್ಸ್ ಬಳಕೆದಾರರ ಆಡ್-ಆನ್‌ಗಳೆಲ್ಲ ಒಮ್ಮೆಲೇ ನಿಷ್ಕ್ರಿಯವಾದದ್ದು ಹೀಗೆ: ಆಡ್-ಆನ್‌ಗಳಿಗೆ ಸಹಿ ಹಾಕುವ ಸರಪಳಿಯಲ್ಲಿದ್ದ ಮಧ್ಯಂತರ ಸರ್ಟಿಫಿಕೇಟಿನ ಅವಧಿ ಮುಗಿದಿತ್ತು. 2020ರ ಮೇ 30ರಂದು ಆಡ್‌ಟ್ರಸ್ಟ್ ಎಂಬ ಹಳೆಯ ಮೂಲ ಸರ್ಟಿಫಿಕೇಟ್ ಮುಗಿದಾಗ, ಹೊಸ ಬ್ರೌಸರ್‌ಗಳು ಬೇರೊಂದು ಸರಪಳಿಯನ್ನು ಹುಡುಕಿಕೊಂಡು ಏನೂ ಆಗದಂತೆ ಮುಂದುವರಿದವು. ಹಳೆಯ ಓಪನ್‌ಎಸ್‌ಎಸ್‌ಎಲ್ 1.0 ಸರಣಿಯನ್ನು ಬಳಸುತ್ತಿದ್ದ ಸರ್ವರ್‌ಗಳು ಮಾತ್ರ ಒಂದರೊಡನೊಂದು ಮಾತಾಡುವುದನ್ನು ನಿಲ್ಲಿಸಿದವು. ಮನುಷ್ಯರು ಬ್ರೌಸರಿನಲ್ಲಿ ನೋಡಿದರೆ ಎಲ್ಲವೂ ಹಸನಾಗಿದೆ, ಯಂತ್ರಗಳ ನಡುವೆ ಮಾತ್ರ ಕೆಲಸ ನಿಂತಿದೆ ಎಂಬ ವಿಚಿತ್ರ ಸ್ಥಿತಿ ಅದು.

2021ರ ಸೆಪ್ಟೆಂಬರ್ 30ರಂದು ಡಿಎಸ್‌ಟಿ ರೂಟ್ ಸಿಎ ಎಕ್ಸ್3 ಎಂಬ ಮೂಲ ಸರ್ಟಿಫಿಕೇಟ್ ಮುಗಿದದ್ದು ಇನ್ನೂ ಸ್ವಾರಸ್ಯದ ಪ್ರಕರಣ. ಲೆಟ್ಸ್ ಎನ್‌ಕ್ರಿಪ್ಟ್ ಆರಂಭದ ವರ್ಷಗಳಲ್ಲಿ ಆ ಮೂಲ ಸರ್ಟಿಫಿಕೇಟಿನ ಬಲದ ಮೇಲೆಯೇ ನಿಂತಿತ್ತು. ಆಂಡ್ರಾಯ್ಡ್ 7.1.1ಕ್ಕಿಂತ ಹಳೆಯ ಫೋನ್‌ಗಳಿಗೆ ಲೆಟ್ಸ್ ಎನ್‌ಕ್ರಿಪ್ಟ್‌ನ ಸ್ವಂತ ಮೂಲ ಸರ್ಟಿಫಿಕೇಟ್ ಗೊತ್ತಿರಲಿಲ್ಲ. ಆದರೆ ಆಂಡ್ರಾಯ್ಡ್ ತನ್ನೊಳಗಿನ ಮೂಲ ಸರ್ಟಿಫಿಕೇಟ್‌ಗಳ ಕೊನೆಯ ದಿನಾಂಕವನ್ನು ಪರಿಶೀಲಿಸುವುದಿಲ್ಲ. ಆ ಸಂಗತಿಯನ್ನೇ ಆಧಾರವಾಗಿಟ್ಟುಕೊಂಡು, ಮುಗಿಯಲಿರುವ ಮೂಲದಿಂದಲೇ ಅದರ ಆಯಸ್ಸಿಗಿಂತ ಮೂರು ವರ್ಷ ಮುಂದಿನವರೆಗೆ ಒಂದು ಸಹಿಯನ್ನು ಪಡೆದುಕೊಂಡರು, ಮತ್ತು ಹಳೆಯ ಫೋನ್‌ಗಳು 2024ರವರೆಗೆ ನಡೆದವು. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಮಕ್ಕಳು ಬಿಟ್ಟ ಫೋನು ಅಜ್ಜನ ಕೈಗೆ ಬರುವುದು ರೂಢಿಯಾದ್ದರಿಂದ, ಈ ಏರ್ಪಾಡಿನಿಂದ ಅನುಕೂಲ ಪಡೆದವರಲ್ಲಿ ನಮ್ಮವರೂ ಕಡಿಮೆ ಇರಲಾರರು.

ನೋಡುವವರ ಗಡಿಯಾರದ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ಸರ್ಟಿಫಿಕೇಟ್ ಸರಿಯಾಗಿಯೇ ಇದ್ದು, ಒಂದೇ ಒಂದು ಕಂಪ್ಯೂಟರಿನಲ್ಲಿ ಎಲ್ಲ ತಾಣಗಳಿಗೂ ಎಚ್ಚರಿಕೆ ಬರುತ್ತಿದ್ದರೆ, ಆ ಕಂಪ್ಯೂಟರಿನ ಮದರ್‌ಬೋರ್ಡ್ ಮೇಲಿನ ನಾಣ್ಯದಾಕಾರದ ಬ್ಯಾಟರಿ ಸತ್ತು, ದಿನಾಂಕ ಹತ್ತಾರು ವರ್ಷ ಹಿಂದಕ್ಕೆ ಹೋಗಿರುವ ಸಾಧ್ಯತೆಯೇ ಹೆಚ್ಚು. ಅಂತಹ ಯಂತ್ರಕ್ಕೆ ಸರ್ಟಿಫಿಕೇಟ್ ಮುಗಿದಂತೆ ಅಲ್ಲ, ಇನ್ನೂ ಆರಂಭವೇ ಆಗದಂತೆ ಕಾಣುತ್ತದೆ. ಸ್ವಲ್ಪ ಹಿಂದಿರುವ ಗಡಿಯಾರಗಳಿಗೆ ತೊಂದರೆಯಾಗಬಾರದೆಂದು ಲೆಟ್ಸ್ ಎನ್‌ಕ್ರಿಪ್ಟ್ ಆರಂಭದ ಸಮಯವನ್ನು ಒಂದು ಗಂಟೆ ಹಿಂದಕ್ಕೇ ಬರೆದು ಕೊಡುತ್ತದೆ. ವರ್ಷಗಟ್ಟಲೆ ಹಿಂದಿರುವ ಗಡಿಯಾರಕ್ಕೆ ಅದರಿಂದ ಉಪಯೋಗವಿಲ್ಲ.

ಸಹಕಾರ ಸಂಘದ ಪ್ರಕರಣದಲ್ಲಿ ನನಗೆ ಹೆಚ್ಚು ಕಿರಿಕಿರಿಯಾದದ್ದು ಸರ್ವರಿನ ವಿಷಯಕ್ಕಲ್ಲ. ಕರೆ ಮಾಡಿದ ಸದಸ್ಯರಿಗೆಲ್ಲ ಕಚೇರಿಯವರು ‘ಕೆಳಗಡೆ ಅಡ್ವಾನ್ಸ್ಡ್ ಅಂತ ಇದೆ ನೋಡಿ ಸಾರ್, ಅದನ್ನ ಒತ್ತಿ ಮುಂದಕ್ಕೆ ಹೋಗಿ, ಏನೂ ಆಗಲ್ಲ’ ಎಂದು ಹೇಳಿಕೊಡುತ್ತಿದ್ದರು. ಧಾರಣೆ ನೋಡುವುದಕ್ಕೆ ಏನೂ ಆಗಲಿಕ್ಕಿಲ್ಲ. ಆದರೆ ಇಂದು ಇಲ್ಲಿ ಕಲಿತ ಅಭ್ಯಾಸವನ್ನೇ ಆ ಸದಸ್ಯರು ನಾಳೆ ಬ್ಯಾಂಕಿನ ಹೆಸರಿಟ್ಟುಕೊಂಡ ಖೋಟಾ ತಾಣದ ಎದುರು ಬಳಸುತ್ತಾರೆ. ಎಚ್‌ಎಸ್‌ಟಿಎಸ್ ಎಂಬ ನಿಯಮವನ್ನು ಅಳವಡಿಸಿಕೊಂಡ ತಾಣಗಳಲ್ಲಿ ಬ್ರೌಸರ್ ಈ ಅಡ್ಡದಾರಿಯನ್ನೇ ಕೊಡುವುದಿಲ್ಲ. ಸರ್ಟಿಫಿಕೇಟ್ ಮುಗಿದರೆ ಬಾಗಿಲು ಮುಚ್ಚಿತು ಎಂದೇ ಅರ್ಥ. 2019ರ ಜನವರಿಯಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ಕಚೇರಿಗಳು ಅನುದಾನವಿಲ್ಲದೆ ಮುಚ್ಚಿದ್ದಾಗ, ನವೀಕರಿಸುವವರಿಲ್ಲದೆ ಎಂಬತ್ತಕ್ಕೂ ಹೆಚ್ಚು ಸರ್ಕಾರಿ ಸರ್ಟಿಫಿಕೇಟ್‌ಗಳ ಅವಧಿ ಮುಗಿಯಿತು, ಮತ್ತು ಈ ನಿಯಮವಿದ್ದ ಕೆಲವು ತಾಣಗಳಿಗೆ ಯಾರೂ ಹೋಗುವಂತೆಯೇ ಇರಲಿಲ್ಲ. ಕಠಿಣವೆನಿಸಿದರೂ ನಾನು ಆ ನಿಯಮದ ಪರ. ಬಾಗಿಲು ಮುಚ್ಚಿದರೆ ಯಾರಾದರೂ ಬಂದು ಸರಿಪಡಿಸುತ್ತಾರೆ. ಸಂದಿಯಲ್ಲಿ ನುಸುಳಲು ಬಿಟ್ಟರೆ ತಿಂಗಳುಗಟ್ಟಲೆ ಹಾಗೆಯೇ ನಡೆಯುತ್ತದೆ.

ಯಾರಿಗೂ ಕಾಣದ ಕಡೆ ಮುಗಿಯುವ ಸರ್ಟಿಫಿಕೇಟ್‌ಗಳು ಇನ್ನೂ ಅಪಾಯಕಾರಿ. ಅಮೆರಿಕದ ಈಕ್ವಿಫ್ಯಾಕ್ಸ್ ಸಂಸ್ಥೆಯಿಂದ 2017ರಲ್ಲಿ ಕೋಟ್ಯಂತರ ಜನರ ವೈಯಕ್ತಿಕ ವಿವರಗಳು ಕಳುವಾದಾಗ, ಒಳಬರುವ ಮತ್ತು ಹೊರಹೋಗುವ ಸಂಚಾರವನ್ನು ತೆರೆದು ಪರೀಕ್ಷಿಸಬೇಕಿದ್ದ ಉಪಕರಣವೊಂದರ ಸರ್ಟಿಫಿಕೇಟ್ ಎಷ್ಟೋ ತಿಂಗಳ ಹಿಂದೆಯೇ ಮುಗಿದಿತ್ತು. ಉಪಕರಣ ಏನನ್ನೂ ಪರೀಕ್ಷಿಸದೆ ಎಲ್ಲವನ್ನೂ ದಾಟಿಸುತ್ತಿತ್ತು. ಜುಲೈ 29ರಂದು ಹೊಸ ಸರ್ಟಿಫಿಕೇಟ್ ಹಾಕಿದ ದಿನವೇ ಸಂಶಯಾಸ್ಪದ ಸಂಚಾರ ಕಣ್ಣಿಗೆ ಬಿತ್ತು. ಸಣ್ಣ ಸಂಸ್ಥೆಗಳಲ್ಲಿ ಇಷ್ಟು ದೊಡ್ಡ ಉಪಕರಣ ಇರುವುದಿಲ್ಲ, ಆದರೆ ಇಮೇಲ್ ಸರ್ವರ್ ಇರುತ್ತದೆ. ಜಾಲತಾಣದ 443ನ್ನು ಮಾತ್ರ ನೋಡಿ, ಇಮೇಲಿನ 993 ಮತ್ತು 587 ಪೋರ್ಟ್‌ಗಳನ್ನು ಮರೆಯುವುದು ನಾನು ಕಂಡ ಕಡೆಗಳಲ್ಲೆಲ್ಲ ಇರುವ ಲೋಪ. ಕಡತ ಒಂದೇ ಆದರೂ ಅದನ್ನು ಓದುವ ಸೇವೆಗಳು ಬೇರೆ ಬೇರೆ. ಎಂಜಿನ್‌ಎಕ್ಸ್ ರೀಲೋಡ್ ಆದ ಮಾತ್ರಕ್ಕೆ ಇಮೇಲ್ ಸೇವೆ ರೀಲೋಡ್ ಆಗುವುದಿಲ್ಲ.

ಲೆಕ್ಕಪರಿಶೋಧಕರೂ ಗುತ್ತಿಗೆದಾರರೂ ಪೆನ್‌ಡ್ರೈವ್‌ನಂತಹ ಟೋಕನ್ನಿನಲ್ಲಿ ಇಟ್ಟುಕೊಳ್ಳುವ ಡಿಎಸ್‌ಸಿಗೂ ಅವಧಿ ಇದೆ, ಆದರೆ ಅದು ವ್ಯಕ್ತಿಯ ಡಿಜಿಟಲ್ ಸಹಿಗೆ ಸಂಬಂಧಿಸಿದ್ದು. ಡಿಎಸ್‌ಸಿ ನವೀಕರಿಸಿದ್ದೇವೆ, ತಾಣ ಏಕೆ ತೆರೆಯುತ್ತಿಲ್ಲ ಎಂದು ಕೇಳಿದವರೂ ಇದ್ದಾರೆ. ಡೊಮೇನ್ ಹೆಸರಿನ ನೋಂದಣಿಯ ಅವಧಿಯೂ ಬೇರೆಯೇ. ಮೂರಕ್ಕೂ ಮೂರು ಬೇರೆ ದಿನಾಂಕ, ಮೂರು ಬೇರೆ ಬಿಲ್ಲು.

ಈಗ ಈ ವಿಷಯವನ್ನು ಬರೆಯಲು ಕಾರಣವಾದ ಬದಲಾವಣೆಯ ಬಗ್ಗೆ ಹೇಳುತ್ತೇನೆ. ಸುಮಾರು ಒಂದು ದಶಕದ ಹಿಂದೆ ಸರ್ಟಿಫಿಕೇಟನ್ನು ಐದು ವರ್ಷಕ್ಕೆ ಕೊಳ್ಳಬಹುದಾಗಿತ್ತು. 2015ರ ಏಪ್ರಿಲ್‌ನಿಂದ ಅದು 39 ತಿಂಗಳಿಗೆ, 2018ರ ಮಾರ್ಚ್‌ನಿಂದ 825 ದಿನಕ್ಕೆ ಇಳಿಯಿತು. 2019ರಲ್ಲಿ ಒಂದು ವರ್ಷಕ್ಕೆ ಇಳಿಸುವ ಪ್ರಸ್ತಾವ, ಸರ್ಟಿಫಿಕೇಟ್ ನೀಡುವವರೂ ಬ್ರೌಸರ್ ತಯಾರಿಸುವವರೂ ಸೇರಿ ನಿಯಮ ಮಾಡುವ ಸಿಎ/ಬ್ರೌಸರ್ ಫೋರಂನ ಮತದಾನದಲ್ಲಿ ಬಿದ್ದುಹೋಯಿತು. ಆಗ ಆಪಲ್ ಕಂಪನಿ, 2020ರ ಸೆಪ್ಟೆಂಬರ್ 1ರಿಂದ 398 ದಿನಕ್ಕಿಂತ ಹೆಚ್ಚಿನ ಅವಧಿಯ ಹೊಸ ಸರ್ಟಿಫಿಕೇಟನ್ನು ತನ್ನ ಸಫಾರಿ ಒಪ್ಪುವುದಿಲ್ಲ ಎಂದು ತಾನೇ ಘೋಷಿಸಿತು, ಉಳಿದವರು ಅನುಸರಿಸಬೇಕಾಯಿತು. 2025ರ ಏಪ್ರಿಲ್‌ನಲ್ಲಿ ಅದೇ ಆಪಲ್ ಮಂಡಿಸಿದ ಇನ್ನೊಂದು ಪ್ರಸ್ತಾವ ಅಂಗೀಕಾರವಾಯಿತು. ಅದರ ಪ್ರಕಾರ 2026ರ ಮಾರ್ಚ್ 15ರಿಂದ ನೀಡುವ ಸರ್ಟಿಫಿಕೇಟ್‌ಗಳಿಗೆ ಗರಿಷ್ಠ 200 ದಿನ, 2027ರ ಮಾರ್ಚ್ 15ರಿಂದ 100 ದಿನ, 2029ರ ಮಾರ್ಚ್ 15ರಿಂದ 47 ದಿನ. ಈ 47 ಎಲ್ಲಿಂದ ಬಂತು ಎಂದು ಅನೇಕರಿಗೆ ಆಶ್ಚರ್ಯ. 31 ದಿನದ ಒಂದು ತಿಂಗಳು, ಅರ್ಧ ತಿಂಗಳಿಗೆ 15 ದಿನ, ಮೇಲೊಂದು ದಿನ, ಅಷ್ಟೇ.

ಹೀಗೆ ಇಳಿಸುವುದಕ್ಕೆ ಸಕಾರಣವಿದೆ. ಗುಪ್ತ ಕೀಲಿ (ಸರ್ವರ್ ತನ್ನ ಬಳಿಯೇ ಇಟ್ಟುಕೊಳ್ಳುವ ರಹಸ್ಯ ಸಂಖ್ಯೆ) ಕಳುವಾದ ಸರ್ಟಿಫಿಕೇಟನ್ನು ಅವಧಿಗೆ ಮುಂಚೆಯೇ ರದ್ದುಗೊಳಿಸುವ ವ್ಯವಸ್ಥೆ ಕಾಗದದ ಮೇಲೆ ಇದೆಯಾದರೂ ಬ್ರೌಸರ್‌ಗಳು ಅದನ್ನು ಪ್ರತಿಸಲವೂ ಸರಿಯಾಗಿ ಪರಿಶೀಲಿಸುವುದಿಲ್ಲ. ಆಯಸ್ಸೇ ಕಡಿಮೆಯಿದ್ದರೆ ರದ್ದುಪಡಿಸುವ ಅಗತ್ಯವೂ ಕಡಿಮೆಯಾಗುತ್ತದೆ. ತರ್ಕ ನನಗೆ ಒಪ್ಪಿಗೆಯೇ. ಆದರೆ ವರ್ಷಕ್ಕೊಮ್ಮೆ ಬಿಲ್ಲು ಪಾಸು ಮಾಡಿ, ಕಡತ ತರಿಸಿ, ಯಾರನ್ನೋ ಕರೆಸಿ ಹಾಕಿಸುವ ಪದ್ಧತಿಯಿರುವ ಸಂಘ ಸಂಸ್ಥೆಗಳಿಗೆ ಇದು ವರ್ಷಕ್ಕೆ ಎಂಟು ಸಲದ ಕೆಲಸವಾಗುತ್ತದೆ. ಕೈಯಿಂದ ಮಾಡುವ ನವೀಕರಣ 2029ರ ಹೊತ್ತಿಗೆ ಬಹುಮಟ್ಟಿಗೆ ಅಸಾಧ್ಯ. ಇದರ ಜೊತೆಗೆ, ಅವಧಿ ಮುಗಿಯುತ್ತಿದೆ ಎಂದು ಇಮೇಲ್ ಕಳಿಸಿ ನೆನಪಿಸುತ್ತಿದ್ದ ಲೆಟ್ಸ್ ಎನ್‌ಕ್ರಿಪ್ಟ್ 2025ರ ಜೂನ್ 4ರಿಂದ ಆ ಸೇವೆಯನ್ನು ನಿಲ್ಲಿಸಿದೆ. ಆ ಇಮೇಲನ್ನೇ ನಂಬಿಕೊಂಡಿದ್ದವರು ಈಗ ಬೇರೆ ದಾರಿ ನೋಡಿಕೊಳ್ಳಲೇಬೇಕು. ನಿಜ ಹೇಳಬೇಕೆಂದರೆ ಆ ಇಮೇಲುಗಳಲ್ಲಿ ಅನೇಕವು, ತಾಣ ಕಟ್ಟಿಕೊಟ್ಟು ಬೇರೆ ಕೆಲಸಕ್ಕೆ ಹೋದ ಹುಡುಗರ ಹಳೆಯ ಖಾತೆಗಳಿಗೆ ತಲುಪುತ್ತಿದ್ದವು.

ನವೀಕರಣ ಯಂತ್ರದ ಪಾಲಾದ ಮೇಲೆ ದಿನಾಂಕ ನೋಡುವುದರ ಉದ್ದೇಶವೇ ಬದಲಾಗುತ್ತದೆ. ಮೊದಲು ನಾವು ನವೀಕರಿಸುವ ಸಮಯ ಬಂತೇ ಎಂದು ತಿಳಿಯಲು ನೋಡುತ್ತಿದ್ದೆವು; ಈಗ ನೋಡುವುದು ನವೀಕರಿಸುವ ಯಂತ್ರ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು. ಹಾಗಾಗಿ ಎಷ್ಟು ದಿನ ಬಾಕಿ ಇರುವಾಗ ಎಚ್ಚರಿಕೆ ಬರಬೇಕು ಎಂಬ ಲೆಕ್ಕವೂ ಬದಲಾಗಬೇಕು. 90 ದಿನದ ಸರ್ಟಿಫಿಕೇಟ್ 30 ದಿನ ಬಾಕಿ ಇರುವಾಗ ನವೀಕರಣವಾಗಬೇಕು. 20 ದಿನ ಬಾಕಿ ಇದ್ದಾಗಲೂ ಹಳೆಯದೇ ಹೊರಗೆ ಕಾಣುತ್ತಿದ್ದರೆ, ಹತ್ತು ದಿನಗಳಿಂದ ಏನೋ ಕೆಟ್ಟಿದೆ ಎಂದೇ ತಿಳಿಯಬೇಕು. 30 ದಿನಕ್ಕೇ ಎಚ್ಚರಿಕೆ ಇಟ್ಟುಕೊಂಡರೆ ಪ್ರತಿ ಸಲವೂ ಸುಳ್ಳು ಎಚ್ಚರಿಕೆ ಬಂದು, ಕೊನೆಗೆ ಯಾರೂ ಅದನ್ನು ಓದದಂತಾಗುತ್ತದೆ. 7 ದಿನಕ್ಕೆ ಇಟ್ಟುಕೊಂಡರೆ ನಡುವೆ ದಸರಾ ರಜೆ ಬಂದಾಗ ಸರಿಪಡಿಸಲು ಸಮಯವೇ ಇರುವುದಿಲ್ಲ. 47 ದಿನದ ಸರ್ಟಿಫಿಕೇಟಿಗೆ ಇದೇ ಅನುಪಾತದಲ್ಲಿ 15 ದಿನಕ್ಕೆ ನವೀಕರಣ, 10 ದಿನಕ್ಕೆ ಎಚ್ಚರಿಕೆ ಎಂದಿಟ್ಟುಕೊಳ್ಳುವುದು ನನ್ನ ಲೆಕ್ಕ. ಓಪನ್‌ಎಸ್‌ಎಸ್‌ಎಲ್‌ನ ಚೆಕ್‌ಎಂಡ್ ಎಂಬ ಆಯ್ಕೆಗೆ ಇದನ್ನು ಸೆಕೆಂಡುಗಳಲ್ಲಿ ಕೊಡಬೇಕು: 20 ದಿನಕ್ಕೆ 1728000, 10 ದಿನಕ್ಕೆ 864000. ಅಷ್ಟರೊಳಗೆ ಮುಗಿಯುವುದಿಲ್ಲವಾದರೆ ಅದು ಸೊನ್ನೆಯನ್ನೂ, ಮುಗಿಯುವುದಾದರೆ ಒಂದನ್ನೂ ಹಿಂದಿರುಗಿಸುತ್ತದೆ. ನಿಗದಿತ ಹೊತ್ತಿಗೆ ಕೆಲಸ ನಡೆಸುವ ಕ್ರಾನ್‌ನಲ್ಲಿ ದಿನಕ್ಕೊಮ್ಮೆ ಓಡಿಸಿ, ಒಂದು ಬಂದರೆ ಸಂದೇಶ ಕಳಿಸುವಂತೆ ಮಾಡಲು ಇಷ್ಟು ಸಾಕು.

ಯಂತ್ರದ ನವೀಕರಣ ಕೆಡುವುದಕ್ಕೆ ನಮ್ಮ ದೇಶದಲ್ಲಿ ವಿಶೇಷವಾಗಿ ಕಾಣುವ ಕಾರಣವೊಂದಿದೆ. ಭದ್ರತೆಯ ಹೆಸರಿನಲ್ಲಿ ಭಾರತದ ಹೊರಗಿನ ಐಪಿ ವಿಳಾಸಗಳನ್ನೆಲ್ಲ ತಡೆಯುವ ಪದ್ಧತಿ ಸರ್ಕಾರಿ ತಾಣಗಳಲ್ಲೂ ಅವುಗಳನ್ನು ನೋಡಿ ಕಲಿತ ಇತರ ಸಂಸ್ಥೆಗಳಲ್ಲೂ ಇದೆ. ವಿದೇಶದಲ್ಲಿರುವ ಕನ್ನಡಿಗರು ಊರಿನ ದಾಖಲೆ ನೋಡಲು ಹೋದಾಗ ತಾಣವೇ ತೆರೆಯುವುದಿಲ್ಲವೆಂದು ದೂರುವುದು ಇದೇ ಕಾರಣಕ್ಕೆ. ಡೊಮೇನ್ ನಿಮ್ಮದೇ ಎಂದು ಖಚಿತಪಡಿಸಿಕೊಳ್ಳಲು ಲೆಟ್ಸ್ ಎನ್‌ಕ್ರಿಪ್ಟ್ ನಿಮ್ಮ ಸರ್ವರಿನ 80ನೇ ಪೋರ್ಟಿಗೆ ಬಂದು ಒಂದು ಗುರುತಿನ ಕಡತವನ್ನು ಓದುತ್ತದೆ, ಮತ್ತು 2020ರ ಫೆಬ್ರುವರಿಯಿಂದ ಈ ಓದನ್ನು ಒಂದೇ ಸ್ಥಳದಿಂದಲ್ಲದೆ ಜಾಲದ ಹಲವು ಕಡೆಗಳಿಂದ ಮಾಡುತ್ತದೆ. ಹೊರದೇಶದ ವಿಳಾಸಗಳನ್ನು ತಡೆದ ದಿನದಿಂದ ಆ ಪರಿಶೀಲನೆ ಸೋಲುತ್ತದೆ. ತಡೆದವರು ಫೈರ್‌ವಾಲ್ ನೋಡಿಕೊಳ್ಳುವವರು, ಸೋತದ್ದು ಸರ್ಟ್‌ಬಾಟ್. ಇಬ್ಬರ ನಡುವೆ ಮಾತುಕತೆಯಿಲ್ಲ, ತಾಣ ಎರಡು ತಿಂಗಳ ನಂತರ ನಿಲ್ಲುತ್ತದೆ. ಅಂತಹ ಕಡೆ, ಡೊಮೇನ್ ಹೆಸರಿನ ವಿಳಾಸ ತಿಳಿಸುವ ಡಿಎನ್‌ಎಸ್ ದಾಖಲೆಯ ಮೂಲಕ ಪರಿಶೀಲನೆ ಮಾಡಿಸಿಕೊಳ್ಳುವುದೇ ಸರಿಯಾದ ದಾರಿ. ಸರ್ಟ್‌ಬಾಟ್‌ನ ಡ್ರೈ ರನ್ ಎಂಬ ಆಯ್ಕೆ, ನಿಜವಾದ ಸರ್ಟಿಫಿಕೇಟ್ ತರದೆ ಇಡೀ ಕ್ರಮವನ್ನು ಒಮ್ಮೆ ನಡೆಸಿ ನೋಡುತ್ತದೆ. ಫೈರ್‌ವಾಲ್ ಅಥವಾ ಡಿಎನ್‌ಎಸ್‌ನಲ್ಲಿ ಏನಾದರೂ ಬದಲಾಯಿಸಿದ ದಿನ ಅದನ್ನು ಓಡಿಸಿದರೆ, ಎರಡು ತಿಂಗಳ ನಂತರ ತಿಳಿಯಬೇಕಾದದ್ದು ಎರಡು ನಿಮಿಷದಲ್ಲಿ ತಿಳಿಯುತ್ತದೆ.

ದಿನಾಂಕ ನೋಡುವ ಈ ಕ್ರಾನ್ ಕೆಲಸವನ್ನು ಅದೇ ಸರ್ವರಿನಲ್ಲಿ ಇಡಬಾರದು ಎಂಬುದೊಂದು ಉಳಿಯಿತು. ಸರ್ವರ್ ತನ್ನನ್ನು ತಾನೇ ಒಳಗಿನ ವಿಳಾಸದಿಂದ ನೋಡಿಕೊಂಡರೆ ಮುಂದಿರುವ ಲೋಡ್ ಬ್ಯಾಲೆನ್ಸರ್ (ಬಂದವರನ್ನು ಹಲವು ಸರ್ವರ್‌ಗಳಿಗೆ ಹಂಚುವುದು), ಸಿಡಿಎನ್ (ಪುಟಗಳ ಪ್ರತಿಯನ್ನು ಹಲವೆಡೆಯಿಂದ ಒದಗಿಸುವ ಜಾಲ) ಯಾವುದೂ ಅದರ ಕಣ್ಣಿಗೆ ಬೀಳುವುದಿಲ್ಲ. ಸರ್ವರ್ ಬಿದ್ದುಹೋದರೆ ಎಚ್ಚರಿಕೆ ಕಳಿಸುವವರೂ ಇರುವುದಿಲ್ಲ. ನಾನು ನೋಡಿಕೊಳ್ಳುವ ತಾಣಗಳ ಪಟ್ಟಿಯನ್ನು, ಅವುಗಳಲ್ಲಿ ಯಾವುದಕ್ಕೂ ಸಂಬಂಧವಿಲ್ಲದ ಮನೆಯ ಒಂದು ಹಳೆಯ ಕಂಪ್ಯೂಟರಿನಲ್ಲಿ ಇಟ್ಟಿದ್ದೇನೆ. ಪ್ರತಿ ಸಾಲಿನಲ್ಲಿ ತಾಣದ ಹೆಸರು, ಪೋರ್ಟ್ ಸಂಖ್ಯೆ, ಎಷ್ಟು ಸೆಕೆಂಡು ಬಾಕಿ ಇರುವಾಗ ಕೂಗಬೇಕು ಎಂಬ ಅಂಕೆ, ಮತ್ತು ಯಾರ ಮೊಬೈಲಿಗೆ ಸಂದೇಶ ಹೋಗಬೇಕು ಎಂಬುದು ಇರುತ್ತದೆ. ಆ ಕೊನೆಯ ಅಂಕಣದಲ್ಲಿ ಪ್ರತಿ ಸಂಸ್ಥೆಗೂ ಇಬ್ಬರ ಸಂಖ್ಯೆ ಇರಲೇಬೇಕೆಂದು ಹಟ ಹಿಡಿಯುತ್ತೇನೆ, ಮತ್ತು ಸಂಸ್ಥೆಯ ಆಡಳಿತ ಮಂಡಳಿ ಬದಲಾದಾಗಲೆಲ್ಲ ಅದನ್ನು ತಿದ್ದಿಸಿಕೊಳ್ಳುತ್ತೇನೆ. ಕಂಪ್ಯೂಟರ್ ಕೆಟ್ಟು ಮೌನವಾದದ್ದನ್ನು ಎಲ್ಲವೂ ಸರಿಯಿರುವುದರ ಮೌನವೆಂದು ತಿಳಿಯಬಾರದಲ್ಲ. ಅದಕ್ಕಾಗಿ ಪ್ರತಿ ಸೋಮವಾರ ಬೆಳಿಗ್ಗೆ, ತೊಂದರೆ ಇರಲಿ ಇಲ್ಲದಿರಲಿ, ಎಲ್ಲ ತಾಣಗಳ ಬಾಕಿ ದಿನಗಳ ಪಟ್ಟಿಯೊಂದು ಬರುವಂತೆ ಮಾಡಿಕೊಂಡಿದ್ದೇನೆ. ಸೋಮವಾರ ಅದು ಬರಲಿಲ್ಲವೆಂದರೆ ಮೊದಲು ಹೋಗಿ ನೋಡುವುದು ಮನೆಯ ಆ ಕಂಪ್ಯೂಟರನ್ನೇ.